ಕುಸಿದ ಆಟದ ಕಾರಣಶೋಧನೆ

ಆಟವು ಬಾಲರಿಗೆ ಸಹಜವಾದುದು. ಆದರೆ ಆಟದೊಳಗೆ ಶ್ರಮವೂ ಸೃಷ್ಟಿಯೂ ಕೂಡಿಕೊಂಡಾಗ ಅದು ಕೇವಲ ಕಾಲಹರಣವಾಗಿ ಉಳಿಯುವುದಿಲ್ಲ. ಮೈನ್‌ಕ್ರಾಫ್ಟ್ ಎಂಬ ಗಣಕದ ಆಟವು ಇದಕ್ಕೆ ನಿದರ್ಶನ. ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ಎಂಬಾತನು 2009ರಲ್ಲಿ ಇದನ್ನು ಮೊದಲು ಹೊರತಂದನು. 2011ರ ನವೆಂಬರ್ ತಿಂಗಳಲ್ಲಿ ಇದರ ಪೂರ್ಣರೂಪವು ಪ್ರಕಟವಾಯಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇದನ್ನು ಕೊಂಡಿತು. ಇದರ ಜಾವಾ ಆವೃತ್ತಿಯ ಭಾಷಾಪಟ್ಟಿಯಲ್ಲಿ ಕನ್ನಡಕ್ಕೂ ಸ್ಥಾನವಿದೆಯೆಂಬುದು ಸಂತೋಷದ ಸಂಗತಿ.

ಈ ಆಟದಲ್ಲಿ ಇಂಥದನ್ನೇ ಮಾಡಬೇಕೆಂಬ ಕಟ್ಟಳೆಯಿಲ್ಲ. ಒಂದೊಂದು ಮೀಟರ್ ಅಳತೆಯ ಘನಾಕೃತಿಗಳನ್ನು ಜೋಡಿಸಿ ಆಡುವವನು ತನಗೆ ಬೇಕಾದ ಲೋಕವನ್ನು ಕಟ್ಟಿಕೊಳ್ಳಬಹುದು. ಚನ್ನಗಿರಿಯ ವಿದ್ಯಾರ್ಥಿಯೊಬ್ಬನು ಸಂತೆಬೆನ್ನೂರಿನ ಪುಷ್ಕರಣಿಯನ್ನು ಇದರಲ್ಲಿ ರಚಿಸಲು ತೊಡಗಿದನೆಂದು ಭಾವಿಸೋಣ. ನಾಲ್ಕು ಕಡೆಯ ಸೋಪಾನಗಳು, ನಡುನೀರಿನ ಮಂಟಪ, ಇವನ್ನೆಲ್ಲ ಅಳತೆಗೆಡದಂತೆ ನಿಲ್ಲಿಸಲು ತಿಂಗಳುಗಳೇ ಬೇಕು. ಕೆತ್ತನೆಯ ಕಲ್ಲು ಮೂಲ ಆಟದಲ್ಲಿ ಸಾಲದೆ ಬಂದಾಗ ಅವನು ಮಾಡ್‌ಗಳನ್ನು ಸೇರಿಸುತ್ತಾನೆ. ಮಾಡ್ ಎಂದರೆ ಅನ್ಯರು ಬರೆದು ಮೂಲ ಆಟಕ್ಕೆ ಕೂಡಿಸಲು ಒದಗಿಸಿದ ಹೆಚ್ಚುವರಿ ರಚನೆ. ಜಗಳೂರಿನ ಬಾಲಕನಿಗೆ ರಂಗಯ್ಯನದುರ್ಗದ ಕೊಂಡುಕುರಿ ಬೇಕೆನಿಸಿದರೆ ಅಂಥ ಪ್ರಾಣಿಯನ್ನೂ ಮಾಡ್ ರೂಪದಲ್ಲಿ ರಚಿಸಿಕೊಳ್ಳಬಹುದು.

ಒಂದು ದಿನ ಆಟವು ತೆರೆಯುತ್ತಲೇ ಕುಸಿಯುತ್ತದೆ. ತಿಂಗಳುಗಳ ಶ್ರಮ ಕೈತಪ್ಪಿತೆಂದು ಬಾಲಕನು ಕಂಗೆಡುತ್ತಾನೆ. ಹಿರಿಯರು ಆಟವನ್ನೇ ಅಳಿಸಿಹಾಕೆನ್ನುತ್ತಾರೆ. ಎರಡೂ ಯುಕ್ತವಲ್ಲ. ಕಾರ್ಯವಿದ್ದಲ್ಲಿ ಕಾರಣವಿರಲೇಬೇಕು, ಅದನ್ನು ಅರಸಲು ಕ್ರಮವಿದೆ.

ಪ್ರಥಮ ಕರ್ತವ್ಯ ರಕ್ಷಣೆ. 'ಸೇವ್ಸ್' ಎಂಬ ಫೋಲ್ಡರಿನಲ್ಲಿರುವ ತನ್ನ ಲೋಕದ ಪ್ರತಿಯೊಂದನ್ನು ಬೇರೆಡೆ ಇರಿಸಿಕೊಂಡು, ಪರೀಕ್ಷೆಗಳನ್ನು ಇನ್ನೊಂದು ಪ್ರತಿಯ ಮೇಲೆಯೇ ನಡೆಸಬೇಕು. ಮಾಡ್ ಒಂದನ್ನು ತೆಗೆದು ಲೋಕವನ್ನು ತೆರೆದು ಉಳಿಸಿದರೆ, ಆ ಮಾಡ್‌ನಿಂದ ಬಂದ ಕಲ್ಲುಗಳು ಅಳಿದುಹೋಗುತ್ತವೆ; ಮಾಡ್ ಅನ್ನು ಮರಳಿ ಸೇರಿಸಿದರೂ ಅವು ಬಾರವು. ಮಂಟಪವನ್ನು ಕುಸಿತಕ್ಕಿಂತಲೂ ಆತುರದ ದುರಸ್ತಿಯೇ ಹೆಚ್ಚಾಗಿ ಕೆಡಿಸುತ್ತದೆ.

ದ್ವಿತೀಯವಾಗಿ ವರದಿಯ ಪಠನ. ಕುಸಿದ ಆಟವು ಬಹುಮಟ್ಟಿಗೆ 'ಕ್ರ್ಯಾಶ್ ರಿಪೋರ್ಟ್ಸ್' ಎಂಬ ಫೋಲ್ಡರಿನಲ್ಲಿ ತನ್ನ ಅಂತ್ಯದ ವೃತ್ತಾಂತವನ್ನು ಬರೆದಿಡುತ್ತದೆ. ಅಲ್ಲಿ ಇಲ್ಲದಿದ್ದರೆ 'ಲಾಗ್ಸ್' ಎಂಬಲ್ಲಿಯ ಕಡತವನ್ನು ನೋಡಬೇಕು. ನೂರಾರು ಪಂಕ್ತಿಗಳನ್ನು ಕಂಡು ಅಂಜಬೇಕಾದುದಿಲ್ಲ. 'ಕಾಸ್ಡ್ ಬೈ' ಎಂದು ಆರಂಭವಾಗುವ ಪಂಕ್ತಿಗಳನ್ನು, ವಿಶೇಷವಾಗಿ ಅವುಗಳಲ್ಲಿ ಕೊನೆಯದನ್ನು, ಮೊದಲು ಓದಬೇಕು. ಅದರ ಆಸುಪಾಸಿನಲ್ಲಿ ಮಾಡ್‌ನ ಹೆಸರು ಕಂಡರೆ ಅದು ಸುಳಿವು ಮಾತ್ರ, ತೀರ್ಪಲ್ಲ. ಒಂದರ ದೋಷವು ಇನ್ನೊಂದರಲ್ಲಿ ಪ್ರಕಟವಾಗುವುದುಂಟು.

ಕಾರಣಗಳನ್ನು ಸ್ಥೂಲವಾಗಿ ನಾಲ್ಕು ವರ್ಗ ಮಾಡಬಹುದು. ಒಂದು, ಆಧಾರದ ಅಭಾವ: ಮಾಡ್ ಒಂದು ನೆಚ್ಚಿಕೊಂಡ ಮತ್ತೊಂದು ಮಾಡ್ ಇಲ್ಲದಿರುವುದು. ಎರಡು, ಆವೃತ್ತಿಭೇದ: ಫ್ಯಾಬ್ರಿಕ್‌ಗಾಗಿ ಬರೆದುದು ಸಾಮಾನ್ಯವಾಗಿ ಫೋರ್ಜ್‌ನಲ್ಲಿ ನಡೆಯದು, ಆಟದ 1.18ನೆಯ ಆವೃತ್ತಿಗೆ ಜಾವಾ 17 ಬೇಕಾದರೆ 1.20.5ಕ್ಕೆ ಜಾವಾ 21 ಬೇಕು. ಮೂರು, ಸ್ಮೃತಿಯ ಕೊರತೆ: ವರದಿಯಲ್ಲಿ 'ಔಟ್ ಆಫ್ ಮೆಮೊರಿ' ಎಂದಿದ್ದರೆ ಆಟಕ್ಕೆ ಮೀಸಲಿಟ್ಟ ಸ್ಮೃತಿಯನ್ನು ಹೆಚ್ಚಿಸಬೇಕು. ಆದರೆ ನ್ಯಾಮತಿಯ ಬಾಲಕನ ಗಣಕದಲ್ಲಿ ಇರುವುದೇ 4 ಜಿ.ಬಿ.ಯಾದರೆ, ಅಷ್ಟನ್ನೂ ಆಟಕ್ಕೆ ಕೊಟ್ಟಲ್ಲಿ ಗಣಕವೇ ನಿಂತೀತು. ಅಲ್ಲಿ ಮಾಡ್‌ಗಳನ್ನು ತಗ್ಗಿಸುವುದೇ ಮಾರ್ಗ. ನಾಲ್ಕು, ಪರಸ್ಪರ ವಿರೋಧ: ಎರಡು ಮಾಡ್‌ಗಳು ಆಟದ ಒಂದೇ ಭಾಗವನ್ನು ತಿದ್ದಲು ಹೊರಡುವುದು. ವ್ಯಾಕರಣದಲ್ಲಿ ಎರಡು ಸೂತ್ರಗಳು ಒಂದೆಡೆ ಪ್ರಾಪ್ತವಾದಾಗ ಯಾವುದು ಪ್ರಬಲವೆಂದು ಹೇಳುವ ಪರಿಭಾಷೆಯುಂಟು. ಅಂಥ ನಿರ್ಣಯವಿಲ್ಲದೆಡೆ ಆಟವು ಕುಸಿಯುತ್ತದೆ.

ವರದಿಯು ದಾರಿ ತೋರದಿದ್ದಾಗ ಅರ್ಧೀಕರಣವೇ ಉಪಾಯ. ದೋಷಿಯಾದ ಒಂದು ಮಾಡ್ 64ರಲ್ಲಿ ಅಡಗಿದೆಯೆನ್ನೋಣ. ಒಂದೊಂದನ್ನೇ ತೆಗೆದು ನೋಡಿದರೆ ಅರುವತ್ತಕ್ಕೂ ಮಿಕ್ಕಿ ಪರೀಕ್ಷೆಗಳಾದಾವು. 32ನ್ನು ಹೊರಗಿಟ್ಟು ನೋಡಿ, ದೋಷವಿರುವ ಅರ್ಧವನ್ನು ಮತ್ತೆ ಭಾಗಿಸುತ್ತ ನಡೆದರೆ 16, 8, 4, 2, 1 ಎಂದು ಆರೇ ಪರೀಕ್ಷೆಗಳಲ್ಲಿ ಅದು ಸಿಕ್ಕಿಬೀಳುತ್ತದೆ. ಭಾಗಿಸುವಾಗ ಆಧಾರವಾದ ಮಾಡ್ ಅನ್ನು ಅದನ್ನು ಆಶ್ರಯಿಸಿದವುಗಳ ಜೊತೆಯಲ್ಲಿಯೇ ಇಡಬೇಕು. ಇಲ್ಲವಾದರೆ ಹೊಸ ದೋಷ ಹುಟ್ಟಿ ಪರೀಕ್ಷೆಯೇ ಕೆಡುತ್ತದೆ. ಎರಡು ಅರ್ಧಗಳೂ ಬೇರೆಬೇರೆಯಾಗಿ ಚೆನ್ನಾಗಿ ನಡೆದು, ಕೂಡಿದಾಗ ಮಾತ್ರ ಕುಸಿದರೆ, ದೋಷವು ಜೋಡಿಯದೆಂದು ತಿಳಿಯಬೇಕು. ಆಗ ಒಂದು ಅರ್ಧವನ್ನು ಸ್ಥಿರವಾಗಿಟ್ಟು ಮತ್ತೊಂದನ್ನು ಭಾಗಿಸಬೇಕು. ಹೊಸ ಲೋಕವು ನಡೆದು ಹಳೆಯದು ಮಾತ್ರ ಕುಸಿದರೆ, ಆ ಹಳೆಯ ಲೋಕದಲ್ಲಿಯೇ ಏನೋ ಕೆಟ್ಟಿರುವ ಸಂಭವ ಹೆಚ್ಚು.

ದೋಷಿಯನ್ನು ಕಂಡೊಡನೆ ವಿಚಾರಣೆ ಮುಗಿಯಲಿಲ್ಲ. ಅದನ್ನು ತೆಗೆದಾಗ ಕುಸಿತವಿಲ್ಲವೆಂಬುದು ವ್ಯತಿರೇಕ; ಮತ್ತೆ ಸೇರಿಸಿದಾಗ ಕುಸಿತ ಬರುವುದೆಂಬುದು ಅನ್ವಯ. ಎರಡೂ ಕೂಡಿದಾಗಲೇ ಕಾರಣವು ನಿಶ್ಚಿತ. ಒಮ್ಮೆಗೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಬರಹದ ದಾಖಲೆ: ಈ ಎರಡು ನಿಯಮಗಳನ್ನು ಮೀರಿದವನು ಆಟವನ್ನು ಸರಿಪಡಿಸಿದರೂ ಏತರಿಂದ ಸರಿಹೋಯಿತೆಂಬುದನ್ನು ಅರಿಯನು.

ಹೊನ್ನಾಳಿಯ ಹೊಲದಲ್ಲಿ ಪಂಪು ನಿಂತಾಗ ಬಲ್ಲವನು ಮೊದಲು ವಿದ್ಯುತ್ತನ್ನು, ಅನಂತರ ಫ್ಯೂಸನ್ನು, ಬಳಿಕ ಮೋಟಾರನ್ನು ಪರೀಕ್ಷಿಸುವನೇ ಹೊರತು ಬಾವಿಯನ್ನು ಮುಚ್ಚುವುದಿಲ್ಲ. ಆ ವಿವೇಕವೇ ಇಲ್ಲಿಯೂ ಬೇಕಾದುದು. ಉದಾರಿಗಳು ಶಾಲೆಗೆ ಗಣಕಗಳನ್ನು ಕೊಡಬಲ್ಲರು. ಕೆಟ್ಟುದನ್ನು ಕ್ರಮವಾಗಿ ವಿಚಾರಿಸುವ ಬುದ್ಧಿಯನ್ನು ಅಧ್ಯಾಪಕರೇ ಕೊಡಬೇಕು. ಕುಸಿದ ಆಟದೊಡನೆ ಬಂದ ವಿದ್ಯಾರ್ಥಿಯನ್ನು ಗದರಿಸದೆ, 'ವರದಿಯಲ್ಲಿ ಏನಿದೆ, ಓದಪ್ಪ' ಎಂದು ಕೇಳಿದರೆ ತರ್ಕಶಾಸ್ತ್ರದ ಮೊದಲ ಪಾಠ ಅಲ್ಲಿಯೇ ಆರಂಭವಾಗುತ್ತದೆ.