ಹೋಟೆಲಿನ ಊಟ, ಮನೆಯ ಮುದ್ದೆ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ಹಾಲುರಾಮೇಶ್ವರದ ಸಮೀಪದ ಹಳ್ಳಿಯೊಂದರ ಗೃಹಿಣಿಯೊಬ್ಬರು ಪತಿಯ ಬಗ್ಗೆ ಬರೆದಿದ್ದಾರೆ. ಪತಿಗೆ 47 ವರ್ಷ. ದಿನವೂ ಹೊಸದುರ್ಗಕ್ಕೆ ಕೆಲಸಕ್ಕೆ ಹೋಗುವುದರಿಂದ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡೂ ಹೋಟೆಲಿನಲ್ಲೇ ಆಗುತ್ತವೆ. ಕೆಲವು ತಿಂಗಳಿಂದ ಎದೆಯುರಿ ಇದೆ, ಬೇಗ ನಡೆದರೆ ಎದೆ ಹಿಡಿದಂತಾಗುತ್ತದೆ. ಮೆಡಿಕಲ್ ಸ್ಟೋರಿನಿಂದ ಗ್ಯಾಸ್ಟ್ರಿಕ್ ಮಾತ್ರೆ ತಂದು ನುಂಗುತ್ತಿದ್ದಾರೆ. ಮನೆಯಿಂದ ಬುತ್ತಿ ಕಟ್ಟಿಕೊಟ್ಟರೆ ವಾಸಿಯಾಗುವುದೇ ಎಂಬುದು ಪತ್ನಿಯ ಪ್ರಶ್ನೆ.

ಉತ್ತರ: ಬುತ್ತಿಯ ವಿಚಾರಕ್ಕೆ ಮೊದಲು ಈ ವ್ಯಕ್ತಿಗೆ ಇಸಿಜಿ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯನ್ನು ಕಾಗದದ ಮೇಲೆ ದಾಖಲಿಸುವ ಪರೀಕ್ಷೆ, ಆಗಲೇಬೇಕು, ಅದೂ ಮುಂದಿನ ಸಂತೆಯ ದಿನವಲ್ಲ, ಈ ಪತ್ರಿಕೆ ಕೈಗೆ ಸಿಕ್ಕ ದಿನವೇ. ಎದೆಯಲ್ಲಿ ಏನೇ ಆದರೂ ಅದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟು ಸುಮ್ಮನಾಗುವ ಅಭ್ಯಾಸ ಹಳ್ಳಿ, ಪೇಟೆ ಎನ್ನದೆ ಎಲ್ಲೆಡೆ ಬೇರೂರಿದ್ದು, ಆಸ್ಪತ್ರೆಗೆ ತಡವಾಗಿ ಬಂದ ಅನೇಕ ಹೃದಯಾಘಾತಗಳ ಹಿಂದೆ ಈ ಒಂದು ಪದವೇ ಇರುತ್ತದೆ. ಊಟವಾದ ಮೇಲೆ ಮಲಗಿದಾಗ ಅಥವಾ ಬಗ್ಗಿದಾಗ ಗಂಟಲಿನವರೆಗೆ ಏರುವ ಹುಳಿಯ ಉರಿ ಬೇರೆ, ನಡೆದಾಗ ಬಂದು ನಿಂತಾಗ ಹೋಗುವ ಬಿಗಿತ ಬೇರೆ; ಎರಡನೆಯದು ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಕಿರಿದಾಗಿರುವುದರ ಲಕ್ಷಣವಾಗಿರಬಹುದಾದ್ದರಿಂದ, ಇಸಿಜಿ ಸರಿಯಾಗಿದೆ ಎಂದು ಬಂದರೂ ಅಲ್ಲಿಗೆ ಬಿಡದೆ ವೈದ್ಯರು ಹೇಳಿದಂತೆ ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ರಕ್ತದ ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷೆಗಳನ್ನೂ ಮಾಡಿಸಬೇಕು. ಎದೆನೋವು ತೀವ್ರವಾಗಿ ಬಂದು ಬೆವರತೊಡಗಿದರೆ ಮಾತ್ರೆಯ ಅಂಗಡಿಗೆ ಅಲ್ಲ, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಡಿ ಈಗ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಇನ್ನು ಹೋಟೆಲಿನ ಆಹಾರದ ವಿಚಾರ. ದಿನನಿತ್ಯ ಪೂರಿ, ಬೋಂಡಾ, ಮಿರ್ಚಿ ತಿನ್ನುವವರಿಗೆ ಮುಖ್ಯ ತೊಂದರೆ ಬರುವುದು ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಿಂದ. ಎಣ್ಣೆಯನ್ನು ಹಲವು ಸಲ ಕಾಯಿಸಿದಾಗ ಅದು ಒಡೆದು, ‘ಧ್ರುವೀಯ ಸಂಯುಕ್ತಗಳು’ ಎಂದು ಕರೆಯುವ ಹಾನಿಕರ ವಸ್ತುಗಳು ಹೆಚ್ಚುತ್ತವೆ. ಇವು ಶೇ 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ನಿಯಮವನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ಜಾರಿಗೆ ತಂದಿದೆ. ಬಾಣಲೆಯ ಎಣ್ಣೆ ಕಪ್ಪಾಗಿ, ನೊರೆ ಕಟ್ಟಿ, ಬೇಗ ಹೊಗೆಯಾಡುತ್ತಿದ್ದರೆ ಗಿರಾಕಿಯೇ ಅದನ್ನು ಗುರುತಿಸಿ ಬೇರೆ ತಿಂಡಿ ಕೇಳಬಹುದು. ಬುತ್ತಿ ಕಟ್ಟಿಕೊಡುವುದು ಖಂಡಿತ ಒಳ್ಳೆಯದೇ. ಆದರೆ ಅದರಲ್ಲಿ ಚಿತ್ರಾನ್ನ, ಉಪ್ಪಿನಕಾಯಿಗಳಷ್ಟೇ ಇದ್ದರೆ ಹೋಟೆಲಿನ ಊಟಕ್ಕೂ ಅದಕ್ಕೂ ಹೆಚ್ಚಿನ ಅಂತರವಿರುವುದಿಲ್ಲ.

ಪ್ರಶ್ನೆ: ಹೊಸದುರ್ಗ ತಾಲ್ಲೂಕಿನ 61 ವರ್ಷದ ರೈತರೊಬ್ಬರು ಜೀವಮಾನವಿಡೀ ಮನೆಯಲ್ಲಿ ಮುದ್ದೆಯನ್ನೇ ಉಂಡವರು, ಹೋಟೆಲಿನ ಮೆಟ್ಟಿಲು ಹತ್ತಿದ್ದು ಅಪರೂಪ. ಆದರೂ ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಕಂಡುಬಂದಿದೆ. ಮುದ್ದೆ ಉಣ್ಣುವವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವಾದ್ದರಿಂದ ಪರೀಕ್ಷೆಯೇ ತಪ್ಪಿರಬೇಕು ಎಂದು ಅವರ ಅಣ್ಣ ವಾದಿಸುತ್ತಾರೆ. ಯಾರು ಸರಿ?

ಉತ್ತರ: ಪರೀಕ್ಷೆ ಸರಿ, ಅಣ್ಣನವರ ವಾದ ತಪ್ಪು. ಸಂಶಯವಿದ್ದರೆ ಎಚ್‌ಬಿಎ1ಸಿ ಪರೀಕ್ಷೆ, ಅಂದರೆ ಹಿಂದಿನ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ, ಮಾಡಿಸಿ ತೀರ್ಮಾನಿಸಿಕೊಳ್ಳಬಹುದು, ಅದು 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಇದೆ ಎಂದೂ, 5.7ರಿಂದ 6.4ರ ನಡುವೆ ಇದ್ದರೆ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ ಎಂದೂ ಅರ್ಥ.

ಚಿತ್ರದುರ್ಗ ಸೀಮೆಯಲ್ಲಿ ಮುದ್ದೆಯ ಬಗ್ಗೆ ಇರುವ ಅಭಿಮಾನ ನ್ಯಾಯವಾದದ್ದೇ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ (ಕ್ಯಾಲ್ಸಿಯಂ) ಇದ್ದು, ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇರುವುದಿಲ್ಲ. ನಾರಿನ ಅಂಶವೂ ಪಾಲಿಷ್ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಅದೇ 100 ಗ್ರಾಂ ರಾಗಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂವರೆಗೆ ಪಿಷ್ಟವಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮತ್ತು ಪಿಷ್ಟ ಎಂದರೆ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗುವ ವಸ್ತು. ಒಂದು ದೊಡ್ಡ ಮುದ್ದೆಗೆ ಹೆಚ್ಚುಕಡಿಮೆ ಅಷ್ಟೇ ಹಿಟ್ಟು ಹಿಡಿಯುತ್ತದೆ. ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗಿದಾಗ ಅದು ಬೇಗ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಹೊತ್ತಿಗೆ ಎರಡು ಮುದ್ದೆ, ಮೇಲೆ ಒಂದು ಸೌಟು ಅನ್ನ, ಅದಕ್ಕೆ ನೀರಾದ ಸಾರು ಎಂಬಂಥ ಊಟದಿಂದ ಸಕ್ಕರೆ ಏರದಿದ್ದರೆ ಅದೇ ಆಶ್ಚರ್ಯ. ಹಿಂದಿನವರೂ ಎರಡು ಮುದ್ದೆ ಉಣ್ಣುತ್ತಿದ್ದರು ಎಂಬ ಮಾತು ನಿಜವಾದರೂ, ಅವರು ನೇಗಿಲು ಹಿಡಿದು ದಿನವಿಡೀ ಹೊಲದಲ್ಲಿ ನಡೆಯುತ್ತಿದ್ದರು, ಕಪಿಲೆ ಹೊಡೆಯುತ್ತಿದ್ದರು. ಇಂದು ಉಳುವುದು ಟ್ರಾಕ್ಟರು, ನೀರೆತ್ತುವುದು ಮೋಟಾರು, ತೋಟಕ್ಕೆ ಹೋಗುವುದು ಬೈಕಿನಲ್ಲಿ. ಕೆಲಸ ಬದಲಾಯಿತು, ಮುದ್ದೆಯ ಗಾತ್ರ ಮಾತ್ರ ಹಾಗೆಯೇ ಉಳಿಯಿತು.

ಇನ್ನೂ ಮುಖ್ಯವಾದುದು ಮುದ್ದೆಯ ಜೊತೆಗೆ ಏನಿತ್ತು ಎಂಬುದು. ಹುರುಳಿ ಕಟ್ಟಿನ ಸಾರು, ಅಲಸಂದೆ, ಅವರೆ, ತೊಗರಿ, ದಂಟು, ಹೊನಗೊನ್ನೆ, ಅಣ್ಣೆ ಸೊಪ್ಪುಗಳಿಂದ ಮಾಡಿದ ಬಸ್ಸಾರು, ಉಪ್ಪೆಸರು ಇವೆಲ್ಲ ಕಾಳಿನ ಪ್ರೊಟೀನನ್ನೂ ಸೊಪ್ಪಿನ ನಾರನ್ನೂ ಒದಗಿಸಿ ಪಿಷ್ಟದ ವೇಗವನ್ನು ತಗ್ಗಿಸುತ್ತಿದ್ದವು. ಈಗ ಹೊಲದ ಬದುವಿನಲ್ಲಿ ಕಳೆನಾಶಕ ಸಿಂಪಡಿಸುವುದರಿಂದ ಬೆರಕೆ ಸೊಪ್ಪು ಸಿಗುವುದೇ ಕಷ್ಟವಾಗಿ, ಕಾಳಿನ ಬೆಲೆ ಏರಿ, ಅನೇಕ ಮನೆಗಳ ಸಾರಿನಲ್ಲಿ ಟೊಮೆಟೊ, ಖಾರದ ಪುಡಿಗಳಷ್ಟೇ ಉಳಿದಿವೆ. ಮನೆಯ ಅಡುಗೆ ಎಂಬ ಒಂದೇ ಕಾರಣಕ್ಕೆ ಅದು ಔಷಧವಾಗುವುದಿಲ್ಲ. ಹೊಸದುರ್ಗ ತಾಲ್ಲೂಕಿನಲ್ಲೇ ಬೆಳೆಯುವ ಸಾವೆಯಂಥ ಸಿರಿಧಾನ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಅಳತೆ ಮೀರಿದರೆ ಸಿರಿಧಾನ್ಯವೂ ಸಕ್ಕರೆಯನ್ನು ಏರಿಸುತ್ತದೆ, ಪಾಲಿಷ್ ಮಾಡಿದ ಸಿರಿಧಾನ್ಯ ಇನ್ನೂ ಬೇಗ ಏರಿಸುತ್ತದೆ.

ಈ ಓದುಗರು ಮುದ್ದೆಯನ್ನು ಬಿಡಬೇಕಾಗಿಲ್ಲ. ಹೊತ್ತಿಗೆ ಒಂದು ಸಣ್ಣ ಮುದ್ದೆ, ಅದಕ್ಕಿಂತ ಹೆಚ್ಚು ಗಟ್ಟಿ ಕಾಳಿನ ಸಾರು ಮತ್ತು ಪಲ್ಯ, ಮಜ್ಜಿಗೆ. ಅನ್ನವನ್ನು ಮುದ್ದೆಯ ಮೇಲೆ ಸೇರಿಸದೆ ಯಾವುದಾದರೂ ಒಂದನ್ನೇ ಆರಿಸಿಕೊಳ್ಳುವುದು. ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ. ಮಾತ್ರೆ ಕೊಟ್ಟಿದ್ದರೆ ಅದನ್ನು ನಿಲ್ಲಿಸಿ ಕಷಾಯಕ್ಕೆ ಬದಲಾಯಿಸುವ ಯೋಚನೆಯನ್ನೇ ಮಾಡಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆಯೂ, ಇನ್ನೂ ಶೇ 15.3ರಷ್ಟು ಜನರಿಗೆ ಅದರ ಪೂರ್ವಸ್ಥಿತಿಯೂ ಇದೆ. ಆದ್ದರಿಂದ ವಾದಿಸುತ್ತಿರುವ ಅಣ್ಣನವರೂ ಅದೇ ದಿನ ಖಾಲಿ ಹೊಟ್ಟೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕಾಯಿಲೆ ಖಚಿತವಾದವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಪದರ, ಮೂತ್ರದಲ್ಲಿನ ಪ್ರೊಟೀನ್ ಮತ್ತು ಪಾದಗಳ ಸ್ಪರ್ಶಜ್ಞಾನವನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು.

ಪ್ರಶ್ನೆ: ಹಿರಿಯೂರಿನ ಶಿಕ್ಷಕಿಯೊಬ್ಬರು ಬೆಳಗ್ಗೆ ಬಸ್ಸು ಹಿಡಿಯುವ ಆತುರದಲ್ಲಿ ವಾರಕ್ಕೆ ಮೂರ್ನಾಲ್ಕು ದಿನ ಮಕ್ಕಳಿಗೆ ಹೋಟೆಲಿನ ಇಡ್ಲಿ ತರಿಸುತ್ತಾರೆ. ಮಕ್ಕಳ ಆರೋಗ್ಯ ಕೆಡಿಸುತ್ತಿದ್ದೀಯೆ ಎಂದು ಅತ್ತೆ ಆಕ್ಷೇಪಿಸುತ್ತಾರೆ.

ಉತ್ತರ: ಇಡ್ಲಿ ತಿಂದು ಯಾವ ಮಗುವಿನ ಆರೋಗ್ಯವೂ ಕೆಡುವುದಿಲ್ಲ. ಉದ್ದು, ಅಕ್ಕಿ ರುಬ್ಬಿ ಹುದುಗಿಸಿ ಹಬೆಯಲ್ಲಿ ಬೇಯಿಸಿದ ಇಡ್ಲಿಯೂ ಬೇಳೆ ಸಾಂಬಾರೂ ಹೊರಗೆ ಸಿಗುವ ತಿಂಡಿಗಳಲ್ಲಿ ಅತ್ಯುತ್ತಮವಾದವು. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಳ್ಳದೆ ಮನೆಯಿಂದ ಸ್ಟೀಲಿನ ಡಬ್ಬಿ ಒಯ್ದರೆ ಸಾಕು. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಕ್ಕಳಾಗಿದ್ದರೆ ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟವೂ ಅವರಿಗೆ ಸಿಗುತ್ತದೆ.

ಜನ ಏಕೆ ಹೊರಗೆ ತಿನ್ನುತ್ತಾರೆ ಎಂಬ ಪ್ರಶ್ನೆಗೆ ನಾಲಿಗೆಯ ಚಪಲವನ್ನೇ ಉತ್ತರವಾಗಿ ಕೊಡುವವರು ಅಡುಗೆಯ ಶ್ರಮವನ್ನು ಕಂಡವರಲ್ಲ. ಮನೆಯಲ್ಲಿ ಒಳ್ಳೆಯ ಊಟ ಸಿದ್ಧವಾಗಬೇಕಾದರೆ ಹಿಂದಿನ ರಾತ್ರಿಯೇ ಕಾಳು ನೆನೆಹಾಕುವ, ಸೊಪ್ಪು ಸೋಸುವ, ರುಬ್ಬುವ, ಪಾತ್ರೆ ತೊಳೆಯುವ ಕೆಲಸಗಳನ್ನೆಲ್ಲ ಯಾರಾದರೂ ಮಾಡಬೇಕು. ಕೂಡುಕುಟುಂಬದಲ್ಲಿ ನಾಲ್ಕು ಕೈಗಳಲ್ಲಿ ಹಂಚಿಹೋಗುತ್ತಿದ್ದ ಈ ಕೆಲಸ ಈಗ ಒಬ್ಬ ಹೆಣ್ಣುಮಗಳ ಮೇಲೆ, ಅದೂ ಅವರು ಹೊರಗೆ ದುಡಿದು ಬಂದ ಮೇಲೆ, ಬೀಳುತ್ತದೆ. ಪತ್ರದಲ್ಲಿ ಅತ್ತೆಯ ಮಾತಿದೆ, ಮಕ್ಕಳ ತಂದೆ ಏನು ಮಾಡುತ್ತಾರೆ ಎಂಬ ವಿವರವೇ ಇಲ್ಲ. ತಂದೆಯಾದವರು ತರಕಾರಿ ಹೆಚ್ಚಿ, ಕುಕ್ಕರಿಗೆ ಬೇಳೆ ಇಡಲು ಕಲಿತರೆ ಈ ಮನೆಯ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ, ಮತ್ತು ಇದು ವೈದ್ಯಕೀಯ ಸಲಹೆ ಎಂದೇ ತಿಳಿಯಬೇಕು. ಮಕ್ಕಳಿಗಿಂತ ಹೆಚ್ಚು ಕಾಳಜಿ ಇರಬೇಕಾದದ್ದು ಈ ತಾಯಿಯ ಬಗ್ಗೆ: ಎಲ್ಲರಿಗೂ ಕೊಟ್ಟು ತಾವು ಬರೀ ಕಾಫಿ ಕುಡಿದು ಓಡುವ ಮಹಿಳೆಯರಲ್ಲಿ ರಕ್ತಹೀನತೆ ಸಾಮಾನ್ಯವಾದುದರಿಂದ ಅವರು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಬೇಕು, ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕು.

ಪ್ರಶ್ನೆ: ಚಿತ್ರದುರ್ಗದಲ್ಲಿ ಕೋಣೆ ಬಾಡಿಗೆಗೆ ಪಡೆದು ಓದುತ್ತಿರುವ ವಿದ್ಯಾರ್ಥಿಗಳು ಸಂಜೆ ಗೋಬಿ ಮಂಚೂರಿ, ಎಗ್ ರೈಸ್ ತಿನ್ನುತ್ತಾರೆ. ಅಜಿನೊಮೊಟೊ ಹಾಕದ ಗಾಡಿಯಲ್ಲಿ ತಿಂದರೆ ತೊಂದರೆ ಇಲ್ಲವಲ್ಲವೇ?

ಉತ್ತರ: ತೊಂದರೆ ಇದೆ. ಅಜಿನೊಮೊಟೊ ಎಂದರೆ ಮೋನೊಸೋಡಿಯಂ ಗ್ಲುಟಮೇಟ್. ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಬೇರ್ಪಡಿಸಿದ ಈ ರುಚಿಕಾರಕದ ಗ್ಲುಟಮೇಟ್ ಅಂಶ ಟೊಮೆಟೊದಲ್ಲೂ ಸಹಜವಾಗಿಯೇ ಇದೆ, ಮಿತವಾಗಿ ಬಳಸಿದರೆ ವಿಷವಾಗುವುದಿಲ್ಲ. ಅದೊಂದನ್ನೇ ದೂರುತ್ತ ಕುಳಿತರೆ ಉಪ್ಪು, ಹಳೆಯ ಎಣ್ಣೆ ಮತ್ತು ಬಣ್ಣಗಳು ಕಣ್ತಪ್ಪುತ್ತವೆ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳ ಬಳಕೆಯನ್ನೂ, ಬಟ್ಟೆಯ ಬಣ್ಣವಾದ ರೋಡಮೈನ್-ಬಿ ಪತ್ತೆಯಾದ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ಇಂಥ ಬಣ್ಣಗಳ ಅಪಾಯದ ಕಾರಣಕ್ಕೇ. ಕೆಂಪಗೆ ಹೊಳೆಯುವ ಗೋಬಿಯನ್ನು ಮುಟ್ಟದಿರುವುದು ಒಳ್ಳೆಯದು. ಕೋಣೆಯಲ್ಲಿ ಮೊಟ್ಟೆ, ನೆನೆಸಿದ ಹೆಸರುಕಾಳು, ಕಡಲೆಬೀಜ, ಬಾಳೆಹಣ್ಣು ಇಟ್ಟುಕೊಳ್ಳುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ.

ಪ್ರಶ್ನೆ: ರಜೆಯಲ್ಲಿ ಹಾಲುರಾಮೇಶ್ವರಕ್ಕೆ ಬಂದು, ದಾರಿಯಲ್ಲಿ ಹೋಟೆಲಿನಲ್ಲಿ ಊಟ ಮಾಡಿದ ಹೊಳಲ್ಕೆರೆಯ ಕುಟುಂಬವೊಂದರ ಮಗನಿಗೆ ಮರುದಿನವೇ ಜ್ವರ. ವಿಡಾಲ್ ಎಂಬ ರಕ್ತಪರೀಕ್ಷೆಯಲ್ಲಿ ಟೈಫಾಯ್ಡ್ ಎಂದು ಬಂದಿದೆ.

ಉತ್ತರ: ಟೈಫಾಯ್ಡ್ ರೋಗಾಣು ಹೊಟ್ಟೆ ಸೇರಿ ಜ್ವರವಾಗಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕಾದ್ದರಿಂದ ನಿನ್ನೆಯ ಹೋಟೆಲನ್ನು ದೂರುವಂತಿಲ್ಲ. ಹಳೆಯ ಸೋಂಕಿನಿಂದಲೂ ಲಸಿಕೆಯಿಂದಲೂ ವಿಡಾಲ್ ಪರೀಕ್ಷೆ ಧನಾತ್ಮಕವಾಗಿ ಬರಬಹುದು. ಅದೊಂದನ್ನೇ ನಂಬಿ ಆಂಟಿಬಯೊಟಿಕ್ ಆರಂಭಿಸುವುದು ತಪ್ಪು. ಜ್ವರ ಮುಂದುವರಿದರೆ ಆಂಟಿಬಯೊಟಿಕ್ ಕೊಡುವ ಮೊದಲೇ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ, ಜೊತೆಗೆ ಡೆಂಗಿ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ಹೊಸದುರ್ಗ ತಾಲ್ಲೂಕಿನ ತಾಯಿಯೊಬ್ಬರ ಮಗಳ ಹೊಸ ಹಲ್ಲುಗಳ ಮೇಲೆ ಕಂದು ಕಲೆಗಳಿವೆ. ಹೊರಗಿನ ತಿಂಡಿಯನ್ನು ಮುಟ್ಟಿಸುವುದಿಲ್ಲ, ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನೇ ಕೊಡುತ್ತಾರೆ.

ಉತ್ತರ: ಇದು ಫ್ಲೋರೋಸಿಸ್, ಅಂದರೆ ನೀರಿನಲ್ಲಿನ ಹೆಚ್ಚಾದ ಫ್ಲೋರೈಡಿನಿಂದ ಹಲ್ಲಿಗೆ ಬರುವ ತೊಂದರೆ ಇರಬಹುದು. ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ; ಲೀಟರಿಗೆ 1 ಮಿಲಿಗ್ರಾಂವರೆಗೆ ಇರುವುದು ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕುಡಿಯುವುದು ಕ್ಯಾನಿನ ನೀರಾದರೂ ಅಡುಗೆಗೆ ಬಳಸುವುದು ಯಾವ ನೀರು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಕೊಳವೆಬಾವಿಯ ನೀರಿನಲ್ಲಿ ಎಸರಿಟ್ಟು ಮುದ್ದೆ ತಿರುವಿದರೆ, ಬೇಳೆ ಬೇಯಿಸಿದರೆ ಆ ಫ್ಲೋರೈಡೆಲ್ಲ ತಟ್ಟೆಗೇ ಬರುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಮನೆಯ ಅಡುಗೆಯ ಬಗ್ಗೆ ಇಷ್ಟು ಶ್ರದ್ಧೆ ಇರುವ ಈ ತಾಯಿಯನ್ನು ಗದರಿಸುವ ಅಗತ್ಯವಿಲ್ಲ, ಆದರೆ ಅಡುಗೆಗೂ ಚಹಾಕ್ಕೂ ಅದೇ ಶುದ್ಧ ನೀರನ್ನು ಬಳಸಬೇಕು. ಮಗುವಿಗೆ ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ಕೊಡಬೇಕು. ಈಗಾಗಲೇ ಬಂದಿರುವ ಕಲೆಗಳನ್ನು ದಂತವೈದ್ಯರಿಗೆ ತೋರಿಸಬೇಕು. ಮನೆಯ ಹಿರಿಯರಲ್ಲಿ ಮಂಡಿ, ಬೆನ್ನು ಬಿಗಿದಿದ್ದರೆ ಅವರಿಗೂ ಎಕ್ಸ್‌ರೇ ಆಗಬೇಕು. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲೂ ಫ್ಲೋರೈಡ್ ಬೇರೆಬೇರೆಯಾಗಿರುವುದರಿಂದ ಪಕ್ಕದ ಮನೆಯ ವರದಿಯನ್ನು ನಂಬದೆ, ತಮ್ಮದೇ ನೀರನ್ನು ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕಳುಹಿಸಬೇಕು, ಮತ್ತು ಅಂತರ್ಜಲ ಇಳಿಯುವ ಬೇಸಿಗೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು.