ಹಟ್ಟಿಯಾಚೆಯ ಬಾಣಂತಿ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಿಗೆ ಹೋಗುವ ನರ್ಸಮ್ಮಂದಿರೇ, ಆಶಾ ಅಕ್ಕಂದಿರೇ, ಸೂತಕವೆಂದು ಬಾಣಂತಿಯನ್ನು ಹೊರಗಿಟ್ಟಿದ್ದು ಕಂಡರೆ ಮೌಢ್ಯವೆಂದು ಬೈದು ಬಂದುಬಿಡಬೇಡಿ. ಹಟ್ಟಿಯ ದೈವಗಳಾದ ಜುಂಜಪ್ಪ, ಎತ್ತಪ್ಪರ ಮುನಿಸಿಗೆ ಅಂಜುವ ಅಜ್ಜಿ ಮೊಮ್ಮಗುವಿನ ಕೇಡು ಬಯಸಿದವಳಲ್ಲ. ಬೈಸಿಕೊಂಡವಳು ಮುಂದಿನ ಸಲ ಸುದ್ದಿಯನ್ನೇ ಮುಚ್ಚಿಟ್ಟಾಳು. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆ ಚಳಿಯ ನಡುವೆ ತಾಯಿಯೊಡನೆ ಊರಾಚೆಯ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಿತು. ಎಳೆಗೂಸಿಗೆ, ಅದರಲ್ಲೂ ತೂಕ ಕಡಿಮೆಯಿದ್ದರೆ, ಮೈಯ ಬಿಸಿಯನ್ನು ತಾನೇ ಉಳಿಸಿಕೊಳ್ಳುವ ಶಕ್ತಿ ಸಾಲದು.

ಕಾನೂನಿದೆಯಲ್ಲ ಎನ್ನುವವರುಂಟು. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಹೊರಗಿಡುವುದನ್ನು 2017ರ ಮೌಢ್ಯ ಪ್ರತಿಬಂಧಕ ಕಾಯ್ದೆ ನಿಷೇಧಿಸಿದೆ. ಅದು ಬೇಕೇ ಬೇಕು. ಆದರೆ ಅಧಿಕಾರಿಗಳು ಬಂದುಹೋದ ರಾತ್ರಿ ಬಾಣಂತಿ ಎಲ್ಲಿ ಮಲಗಬೇಕೆಂದು ಹೇಳುವವಳು ಅತ್ತೆಯೇ. ಆದ್ದರಿಂದ ಬಸಿರಿದ್ದಾಗಲೇ ಆಕೆಯ ಜೊತೆ, ಪೂಜಾರಪ್ಪನ ಜೊತೆ ಕೂತು ಮಾತಾಡಿ. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಡುವುದನ್ನು ಅತ್ತೆಗೇ ಕಲಿಸಿ. ಆಸ್ಪತ್ರೆ ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನದ ಭೇಟಿಯನ್ನು ಗುಡಿಸಲಿಗಾದರೂ ಹೋಗಿ ಮುಗಿಸಿ. ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಮೈ ತಣ್ಣಗಾದರೆ, ಸೂತಕದ ದಿನ ಎಣಿಸದೆ 108ಕ್ಕೆ ಫೋನ್ ಮಾಡಿ.