ಕಪ್ಪು ಪರದೆ ಕಣ್ಣಿಗೆ ತಂಪೇ?

ನಿಮ್ಮ ಮನೆಯಲ್ಲಿ ಸಾಫ್ಟ್‌ವೇರ್ ಕೆಲಸದ ಮಗನೋ ಮಗಳೋ ಇದ್ದರೆ ಅವರ ಲ್ಯಾಪ್‌ಟಾಪನ್ನು ಒಮ್ಮೆ ಇಣುಕಿ ನೋಡಿ. ಹೆಚ್ಚಾಗಿ ಕಪ್ಪು ಪರದೆ, ಅದರ ಮೇಲೆ ಹಳದಿ, ಹಸಿರು, ಗುಲಾಬಿ ಅಕ್ಷರಗಳು. ಕೋಡ್ ಬರೆಯುವ ಎಡಿಟರಿನ ಈ ಬಣ್ಣದ ಜೋಡಣೆಗೆ ‘ಥೀಮ್’ ಎನ್ನುತ್ತಾರೆ. ಕಪ್ಪು ಥೀಮ್ ಹಾಕಿಕೊಂಡರೆ ಕಣ್ಣಿಗೆ ತೊಂದರೆಯಿಲ್ಲ ಎಂದು ಅನೇಕ ಯುವಕರು ನಂಬಿದ್ದಾರೆ. ಇದು ಅರ್ಧ ಸತ್ಯ.

ಪರದೆ ಕಪ್ಪಾದಾಗ ಕಣ್ಣಿನ ಪಾಪೆ ಅಗಲವಾಗುತ್ತದೆ. ಪಾಪೆ ಅಗಲವಾದಷ್ಟೂ ದೃಷ್ಟಿಯ ಸಣ್ಣಪುಟ್ಟ ದೋಷಗಳು ಎದ್ದು ಕಾಣುತ್ತವೆ. ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ನಂಬರ್ ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರಗಳ ಅಂಚು ಹರಡಿದಂತೆ ತೋರುತ್ತದೆ. ತಲೆನೋವೆಂದು ನನ್ನ ಬಳಿ ಬಂದ ಯುವಕನೊಬ್ಬ ಥೀಮ್ ಬದಲಿಸಿ ಬದಲಿಸಿ ಸೋತಿದ್ದ. ಅವನಿಗೆ ಬೇಕಾಗಿದ್ದುದು ನನ್ನ ಮಾಜೂನ್ ಅಲ್ಲ, ಸರಿಯಾದ ಕನ್ನಡಕ!

ಬಿಳಿ ಹಿನ್ನೆಲೆಯಲ್ಲಿ ಪಾಪೆ ಕಿರಿದಾಗಿ ಅಕ್ಷರ ಸ್ಪಷ್ಟವಾಗುತ್ತದೆ. ಆದ್ದರಿಂದ ಹಗಲಿಗೆ, ಬೆಳಕಿರುವ ಕೋಣೆಗೆ ಅದೇ ಹಿತ. ರಾತ್ರಿ ಅದೇ ಬಿಳಿ ಕಣ್ಣಿಗೆ ಚುಚ್ಚುತ್ತದೆ. ಪ್ರಬಲ ಬೆಳಕು ಕಣ್ಣನ್ನು ನೋಯಿಸುತ್ತದೆ ಎಂಬ ಅನುಭವದಿಂದಲೇ ಇಬ್ನುಲ್ ಹೈಸಮ್ 11ನೇ ಶತಮಾನದಲ್ಲಿ ‘ಕಿತಾಬುಲ್ ಮನಾಝಿರ್’ನಲ್ಲಿ ದೃಷ್ಟಿಯ ಕುರಿತ ತಮ್ಮ ವಾದವನ್ನು ಕಟ್ಟಿದರು.

ಹಾಗಾದರೆ ಏನು ಮಾಡಬೇಕು? ಪರದೆಯ ಪಕ್ಕ ಒಂದು ಬಿಳಿ ಕಾಗದ ಹಿಡಿಯಿರಿ. ಪರದೆ ದೀಪದಂತೆ ಉರಿಯುತ್ತಿದ್ದರೆ ಅದರ ಬೆಳಕು ತಗ್ಗಿಸಿ, ಮಂಕಾಗಿದ್ದರೆ ಏರಿಸಿ. ರಾತ್ರಿ ಕಪ್ಪು ಥೀಮ್ ಹಾಕಿಕೊಳ್ಳಬಹುದು, ಆದರೆ ಕೋಣೆಯ ದೀಪ ಆರಿಸಬೇಡಿ. ಅಚ್ಚ ಕಪ್ಪು, ಅಚ್ಚ ಬಿಳಿಗಿಂತ ಮೃದು ಬಣ್ಣಗಳು ಅನೇಕರಿಗೆ ಒಗ್ಗುತ್ತವೆ. 2011ರಲ್ಲಿ ಬಂದ ‘ಸೋಲರೈಸ್ಡ್’ ಥೀಮ್ ಈ ಉದ್ದೇಶದ್ದೇ. ಅದರಲ್ಲಿ ಹಗಲಿಗೊಂದು, ಇರುಳಿಗೊಂದು ರೂಪವಿದೆ. ಕೆಂಪು-ಹಸಿರು ವ್ಯತ್ಯಾಸ ತಿಳಿಯದವರು ಆ ಎರಡನ್ನೇ ನೆಚ್ಚಿದ ಥೀಮ್ ಬಿಡಲಿ.

ಯಾವ ಬಣ್ಣವೂ ನೀಗಿಸದ ತೊಂದರೆ ಒಂದಿದೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ, ಕಣ್ಣು ಒಣಗಿ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ, ನಾಲ್ಕಾರು ಸಲ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಿರಿ. ಇಶಾ ನಮಾಝಿನ ಬಳಿಕವೂ ಪರದೆಯ ಮುಂದೆ ಕುಳಿತರೆ ಥೀಮ್ ಯಾವುದಾದರೂ ನಿದ್ದೆ ಹಿಂದಕ್ಕೆ ಸರಿಯುತ್ತದೆ, ಫಜ್ರ್‌ಗೆ ಏಳುವುದು ಕಷ್ಟವಾಗುತ್ತದೆ.

ಕೆಂಪಾದ ಕಣ್ಣಿಗೆ ಸುರ್ಮಾ ಹಚ್ಚುವ ತಾಯಂದಿರಿಗೊಂದು ಮಾತು. ಯುನಾನಿ ಓದಿದವನಾಗಿಯೇ ಹೇಳುತ್ತಿದ್ದೇನೆ: ಪೇಟೆಯ ಕೆಲವು ಸುರ್ಮಾಗಳಲ್ಲಿ ಸೀಸವಿರುತ್ತದೆ, ಅದು ವಿಷ. ಮನೆಯಲ್ಲಿರುವ ಗುಲಾಬಿ ನೀರನ್ನೂ ಕಣ್ಣಿಗೆ ಬಿಡಬೇಡಿ. ಉರಿ ಕಡಿಮೆಯಾಗದಿದ್ದರೆ ಅಥವಾ ದೃಷ್ಟಿ ಮಸುಕಾದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ.